ನಮ್ಮ ನಾಯಿ ತವರಿಗೆ ಹೋದದ್ದು

ನಮ್ಮಮ್ಮನಿಗೆ ನಾಯಿ ಎಂದರೆ ಆಗದು. ಕಲ್ಯಾಣದುರ್ಗದಲ್ಲಿ ಅಣ್ಣ ಅತ್ತಿಗೆಯ ಜೊತೆ ಇರುವ ಆಕೆ ಬೀದಿಯಲ್ಲಿ ನಾಯಿ ಎದುರಾದರೆ ಸೆರಗು ಎತ್ತಿ ಹಿಡಿದು ಗೋಡೆಯ ಕಡೆ ಸರಿಯುತ್ತಾಳೆ. "ನಾಯಿ ಹೊಸ್ಲು ದಾಟ್ತು ಅಂದ್ರೆ ಲಕ್ಷ್ಮಿ ಹಿತ್ಲು ಬಾಗ್ಲಿಂದ ಎದ್ದು ಹೋಯ್ತಾಳೆ ಕಣಮ್ಮ" ಎನ್ನುವುದು ಆಕೆಯ ಸಿದ್ಧಾಂತ. ಅಂಥವಳ ಹತ್ತಿರ ನಮ್ಮ ನಾಯಿಯನ್ನು ಹತ್ತು ದಿನ ಬಿಡಬೇಕಾಗಿ ಬಂತು.

ನಾವಿರುವುದು ಹಿಂದೂಪುರದಲ್ಲಿ. ಯಜಮಾನರದು ಮೋಟಾರು ಪಂಪು ರಿಪೇರಿ ಅಂಗಡಿ. ನಾನು ಪತ್ರಿಕೆಗಳಿಗೆ ಕಥೆ, ಅಂಕಣ ಬರೆಯುವವಳು. ತೆಲುಗು ಬೋರ್ಡುಗಳ ಊರಿನಲ್ಲಿ ಕೂತು ಇಷ್ಟೊಂದು ಕನ್ನಡ ಪತ್ರಿಕೆ ತರಿಸಿಕೊಳ್ಳುವ ಹೆಂಗಸು ಒಳಗೆ ಏನು ಮಾಡುತ್ತಾಳೋ ಎಂದು ಅಂಚೆಯಣ್ಣನಿಗೆ ಇವತ್ತಿಗೂ ಅನುಮಾನ. ಮನೆಯಲ್ಲಿ ಮೂರನೆಯ ಪ್ರಾಣಿ ನಾಯಿ. ಹುಣಸೆಹಣ್ಣಿನ ಮಂಡಿಯ ಗೋಣಿಚೀಲಗಳ ಸಂದಿಯಲ್ಲಿ ಸಿಕ್ಕಿದ ಹೆಣ್ಣುಮರಿ. ಬಣ್ಣವೂ ಹಳೆ ಹುಣಸೆಹಣ್ಣಿನದೇ. ನಾನು ಹೇಳಿದ ಹೆಸರು ಅವರಿಗೆ ಹಿಡಿಸಲಿಲ್ಲ, ಅವರು ಹೇಳಿದ್ದು ನನಗೆ ಹಿಡಿಸಲಿಲ್ಲ. ಆರು ವರ್ಷವಾದರೂ ಅದು 'ಮರಿ'ಯಾಗಿಯೇ ಉಳಿದಿದೆ.

ನಾದಿನಿಯ ಸಂಸಾರದ ಜೊತೆ ರಾಮೇಶ್ವರಕ್ಕೆ ಹೋಗುವುದೆಂದು ಗೊತ್ತಾದಾಗ ಮರಿಯನ್ನು ಎಲ್ಲಿ ಬಿಡುವುದೆಂಬ ಪ್ರಶ್ನೆ ಎದ್ದಿತು. ಪಕ್ಕದ ಮನೆಯವರು ಅದೇ ವಾರ ತಾವೂ ಊರಿಗೆ ಹೋಗುವುದಾಗಿ ಹೇಳಿದರು. ಎದುರು ಮನೆಯವರು ನಾವು ಕೇಳುವ ಮೊದಲೇ ಹೇಳಿದರು. ಉಳಿದದ್ದು ಅಮ್ಮ ಒಬ್ಬಳೇ. ರಿಪೇರಿಯಾದ ಮೋಟಾರುಗಳನ್ನು ಕಲ್ಯಾಣದುರ್ಗಕ್ಕೆ ಒಯ್ಯುವ ಗೂಡ್ಸ್ ಗಾಡಿಯಲ್ಲಿ ನಾಯಿಯ ಜೊತೆ ನಾನೂ ಹತ್ತಿದೆ.

ಅಮ್ಮ ಬಾಗಿಲಲ್ಲೇ ನಿಂತು ಷರತ್ತು ಹೇಳಿದಳು. "ಹಿತ್ಲಾಗೆ ಬಟ್ಟೆ ಒಗೆಯೋ ಕಲ್ಲಿಗೆ ಕಟ್ಟು. ಹೊತ್ತಿಗೆ ಒಂದು ತುತ್ತು ಹಾಕ್ತೀನಿ. ನನ್ನ ಮುಟ್ಟಬಾರ್ದು, ನಾನೂ ಮುಟ್ಟಲ್ಲ. ಹತ್ತು ದಿನ ಅಂದ್ರೆ ಹತ್ತೇ ದಿನ."

ನಾನು ಎರಡು ಪುಟ ಸೂಚನೆ ಬರೆದುಕೊಂಡು ಹೋಗಿದ್ದೆ. ಯಾವಾಗ ಊಟ, ಯಾವ ಬಿಸ್ಕತ್ತು, ಕೆರೆದುಕೊಂಡರೆ ಯಾವ ಪುಡಿ, ಎಲ್ಲವೂ ಇತ್ತು. ಅಮ್ಮ ಅದನ್ನು ಅತ್ತಿಗೆಗೆ ಕೊಟ್ಟಳು. ಅತ್ತಿಗೆ ಅದನ್ನು ಸಾಸಿವೆ ಡಬ್ಬಿಯ ಅಡಿಗೆ ಹಾಸಿದಳು. ಇಷ್ಟು ವರ್ಷದ ಬರವಣಿಗೆಯಲ್ಲಿ ನನ್ನ ಬರಹ ಅಷ್ಟು ಬೇಗ ಬಳಕೆಗೆ ಬಂದದ್ದು ಅದೊಂದೇ ಸಲ.

ರಾಮೇಶ್ವರದಿಂದ ದಿನಾ ಫೋನು ಮಾಡಿದೆ. ಮೊದಲ ದಿನ "ಮರಿ ಹೆಂಗೈತಮ್ಮಾ?" ಅಂದರೆ "ಐತೆ" ಎಂದು ಇಟ್ಟುಬಿಟ್ಟಳು. ಮೂರನೆಯ ದಿನ, "ಬಿಸಿಲು ಜಾಸ್ತಿ ಕಣಮ್ಮ, ಪಡಸಾಲೆಗೆ ಕಟ್ಟಿದ್ದೀನಿ" ಅಂದಳು. ಹಿಂದೆಯೇ ಅತ್ತಿಗೆಯ ಫೋನು ಬಂತು, ಗುಟ್ಟಿನ ದನಿಯಲ್ಲಿ: "ಕಟ್ಟಿಲ್ಲ ಕಣಮ್ಮಿ. ಫ್ಯಾನ್ ಕೆಳಗೆ ಮಲಗೈತೆ. ನಿಮ್ಮಣ್ಣನ್ನ ಜಗಲಿಗೆ ಓಡ್ಸೈತೆ."

ಐದನೆಯ ದಿನ ನಾನು ದೇವಸ್ಥಾನದ ವಿಷಯ ಹೇಳುತ್ತಿದ್ದಾಗ ಆ ಕಡೆಯಿಂದ ಅಮ್ಮ, "ಏಯ್ ಕೂಸೇ, ಬಿಸಿ ಐತೆ, ಬಾಯಿ ಸುಟ್ಕಂತೀಯ, ತಡಿ" ಅಂದಳು.

"ಯಾರಮ್ಮಾ ಕೂಸು?"

"ಪಕ್ಕದ ಮನೆ ಕೂಸು ಕಣಮ್ಮ, ಆಡ್ಕಣಾಕೆ ಬಂದೈತೆ."

ಪಕ್ಕದ ಮನೆ ಕೂಸು ಬೊಗಳಿತು. ಅಮ್ಮ ಫೋನು ಇಟ್ಟಳು.

ಹಿಂದೂಪುರಕ್ಕೆ ಮರಳಿದ ದಿನವೇ ಫೋನು ಮಾಡಿ, ನಾಳೆ ಬಂದು ಕರೆದುಕೊಂಡು ಹೋಗುತ್ತೇನೆ ಅಂದೆ. "ನಾಳೆ ಬ್ಯಾಡ, ಅದಕ್ಕೆ ಮೈ ಸರಿಗಿಲ್ಲ. ಹೊಟ್ಟೆ ಕೆಟ್ಟೈತೆ" ಅಂದಳು. ನೆಪ ಎಂದುಕೊಂಡೆ. ಎರಡು ದಿನ ಬಿಟ್ಟು ಕೇಳಿದರೆ, "ಅಮಾಸೆ ಮುಂದೆ ಇಟ್ಕಂಡು ಪ್ರಯಾಣ ಮಾಡ್ಸ್ತಾರಾ?" ಅಮಾವಾಸ್ಯೆ ಕಳೆಯಿತು. "ಶುಕ್ರವಾರ ಹೆಣ್ಮಕ್ಕಳ್ನ ಮನೆಯಿಂದ ಕಳ್ಸಲ್ಲ ಕಣಮ್ಮ." ನನ್ನ ಮದುವೆಯಾದ ವಾರ ನನ್ನನ್ನು ಶುಕ್ರವಾರವೇ ಬಸ್ಸು ಹತ್ತಿಸಿ, ಬಸ್ಸು ಹೊರಡುವುದಕ್ಕೂ ಕಾಯದೆ ತೊಗರಿ ಬಿಡಿಸಲು ಹೋದ ಹೆಂಗಸು ಇವಳು.

ಮನೆಯಲ್ಲಿ ನಮಗೂ ಸರಿಬರುತ್ತಿರಲಿಲ್ಲ. ಯಜಮಾನರು ಮಧ್ಯಾಹ್ನ ಊಟಕ್ಕೆ ಬಂದವರು ಅಭ್ಯಾಸಬಲದಿಂದ ಮುದ್ದೆಯ ಚೂರನ್ನು ಪಕ್ಕಕ್ಕೆ ಹಾಕಿ, ಆಮೇಲೆ ಅದನ್ನೇ ನೋಡುತ್ತ ಕೂರುತ್ತಿದ್ದರು. ನಾನು ಒಂದು ಅಂಕಣ ಶುರುಮಾಡಿ ನಾಲ್ಕು ದಿನದಲ್ಲಿ ನಾಲ್ಕು ಸಾಲು ಬರೆದೆ. ಕೊನೆಗೆ ಅವರೇ ಅಂದರು: "ನೀನು ಹೋಗಿ ಕರ್ಕಂಡ್ ಬತ್ತೀಯೋ, ಅಂಗಡಿ ಮುಚ್ಚಿ ನಾನೇ ಹೋಗ್ಲೋ?"

ಶನಿವಾರ ಬೆಳಿಗ್ಗೆ ಹೇಳದೆ ಕೇಳದೆ ಹೊರಟೆ. ಧರ್ಮಾವರದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗ ತಲುಪಿದಾಗ ಊಟದ ಹೊತ್ತು. ಪಡಸಾಲೆಗೆ ಕಾಲಿಟ್ಟೆ. ಅಮ್ಮನ ಮಂಚದ ಮೇಲೆ, ಅಮ್ಮನ ದಿಂಬಿಗೆ ತಲೆಯಿಟ್ಟು, ಹಣೆಗೆ ಕುಂಕುಮ, ಕೊರಳಿಗೆ ದೃಷ್ಟಿದಾರ ಕಟ್ಟಿಸಿಕೊಂಡು ನಮ್ಮ ನಾಯಿ ಮಲಗಿತ್ತು. ದಪ್ಪಗಾಗಿತ್ತು. ನನ್ನನ್ನು ನೋಡಿ ಮೂರು ಸಲ ಬಾಲ ಆಡಿಸಿ, ಗುರುತು ಹಿಡಿದದ್ದಾಯಿತಲ್ಲ ಎನ್ನುವಂತೆ ಮತ್ತೆ ಕಣ್ಣು ಮುಚ್ಚಿತು.

ಅಮ್ಮ ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದಳು. ನನ್ನನ್ನು ಕಂಡು ಒಂದು ಗಳಿಗೆ ಗಾಬರಿಯಾದರೂ ನಾಯಿಯ ಕಡೆ ತಿರುಗಿ ತೆಲುಗಿನಲ್ಲಿ "ಕೂಕೋ" ಅಂದಳು. ನಾಯಿ ಮಂಚದಿಂದ ಇಳಿದು ನೆಟ್ಟಗೆ ಕೂತಿತು! ಮೊಬೈಲಿನಲ್ಲಿ ವಿಡಿಯೋ ನೋಡಿ ನಾನು ಮೂರು ವರ್ಷ 'ಸಿಟ್, ಸಿಟ್' ಎಂದು ಗಂಟಲು ಹರಿದುಕೊಂಡಿದ್ದೆ. ಅಮ್ಮ ತುಪ್ಪ ಹಚ್ಚಿದ ಮುದ್ದೆಯನ್ನು ಹುರುಳಿ ಸಾರಿನಲ್ಲಿ ಹೊರಳಿಸಿ ಒಂದೊಂದೇ ತುತ್ತು ಹಾಕಿದಳು. ನಾಯಿ ಅಗಿಯದೆ ನುಂಗುತ್ತಿತ್ತು, ನಮ್ಮ ಕಡೆಯ ಮನುಷ್ಯರ ಹಾಗೆಯೇ.

"ಮುಟ್ಟಲ್ಲ ಅಂದಿದ್ದೆ" ಅಂದೆ.

"ಮೂಕಪ್ರಾಣಿ ಕಣಮ್ಮ. ನಿನ್ನಂಗೆ ಬರ್ದು ಕೊಟ್ಟೀತಾ ನಂಗೆ ಹಸಿವಾಗೈತೆ ಅಂತ?"

"ಹಂಗಾದ್ರೆ ಇವತ್ತು ಕರ್ಕಂಡ್ ಹೋಯ್ತೀನಿ."

"ನಾನೇನು ಹಿಡ್ಕಂಡಿದ್ದೀನಾ? ಅದು ಬತ್ತೀನಿ ಅಂದ್ರೆ ಕರ್ಕಂಡ್ ಹೋಗು."

ಹಾಗೆಂದು ತೀರ್ಮಾನವಾಯಿತು. ಅಂಗಳದ ಆ ತುದಿಯಲ್ಲಿ ಅಮ್ಮ ನಿಂತಳು, ಈ ತುದಿಯಲ್ಲಿ ನಾನು. ಅಣ್ಣ ನಾಯಿಯನ್ನು ನಡುವೆ ಬಿಟ್ಟ. ನಾನು "ಮರೀ, ಬಾ ಬಾ" ಅಂದೆ, ಅಮ್ಮ "ದಾ ಕೂಸೇ" ಅಂದಳು. ನಾಯಿ ಅವಳನ್ನು ನೋಡಿತು, ನನ್ನನ್ನು ನೋಡಿತು, ಆಮೇಲೆ ಸೀದಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯ ಹತ್ತಿರ ಓಡಿ ಅವಳ ಸೆರಗಿನ ಗಂಟನ್ನು ಮೂಸತೊಡಗಿತು.

ಅತ್ತಿಗೆ ಸೆರಗು ಹಿಂದಕ್ಕೆ ಎಳೆದುಕೊಂಡಳು. ಸೆರಗಿನ ಗಂಟಿನಿಂದ ಬೇಯಿಸಿದ ಮೊಟ್ಟೆಯೊಂದು ಕೆಳಕ್ಕೆ ಬಿತ್ತು. ಒಡೆಯುವ ಮೊದಲೇ ಅದು ನಾಯಿಯ ಬಾಯಲ್ಲಿತ್ತು.

"ದಿನಾ ಒಂದೇ ಒಂದು ಅತ್ತೇ" ಅಂದಳು ಅತ್ತಿಗೆ, ನೆಲ ನೋಡುತ್ತ.

ಅಮ್ಮನ ಮುಖ ಬಿಳಿಚಿಕೊಂಡಿತು. "ಇವತ್ತು ಶನಿವಾರ! ಶನಿವಾರಾನೂ ಇಕ್ತಿದ್ದೇನೇ? ನಾನು ಅದ್ರ ಕೈಲೂ ಶನಿವಾರ ಮಾಡಿಸ್ತಿದ್ದೀನಿ!"

ಅಮ್ಮನ ತುಪ್ಪ, ಅತ್ತಿಗೆಯ ಮೊಟ್ಟೆ ಎರಡೂ ಸೇರಿ ನಾಯಿಗೆ ನಿಜವಾಗಿಯೂ ಹೊಟ್ಟೆ ಕೆಟ್ಟಿತ್ತೆಂದು ನನಗೆ ಆಗ ತಿಳಿಯಿತು. ಅಣ್ಣ ಮಾತ್ರ ನಗುತ್ತ ಒಳಗೆ ಹೋಗಿ ಮಂಚದ ಮೇಲೆ ಕೈಕಾಲು ಚಾಚಿದ. ಎರಡು ವಾರದ ಮೇಲೆ ಅವನಿಗೆ ಫ್ಯಾನಿನ ಗಾಳಿ ಸಿಕ್ಕಿತ್ತು.

ಮರುದಿನ ಹೊರಟಾಗ ಅಮ್ಮ ರೇಷ್ಮೆ ಅಂಚಿನ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲಲ್ಲಿ ತಯಾರಾಗಿದ್ದಳು. "ಎರಡು ದಿನ ಇದ್ದು ಬತ್ತೀನಿ. ಅದು ಅಲ್ಲಿಗೆ ಒಗ್ಗಬೇಕಲ್ಲ." ಆರು ವರ್ಷ ತಾನು ಬೆಳೆದ ಮನೆಗೆ ಅದು ಒಗ್ಗಬೇಕಂತೆ. ನನಗೂ ಒಳಗೊಳಗೇ ಸಂತೋಷವಾಯಿತು. ನಾನು ಕರೆದಾಗಲೆಲ್ಲ ಮಂಡಿನೋವು ಎಂದು ಬಾರದಿದ್ದವಳು.

ಬಸ್ಸಿನಲ್ಲಿ ಕಂಡಕ್ಟರು ನಾಯಿಗೆ ಅಡ್ಡ ನಿಂತು ಅರೆ ತೆಲುಗಿನಲ್ಲಿ ಅಂದ: "ಪೆದ್ದಮ್ಮಾ, ಕುಕ್ಕನ್ನ ಹತ್ತಿಸಂಗಿಲ್ಲ."

ಅಮ್ಮ ಅಷ್ಟರಲ್ಲಿ ಸೀಟಿನಲ್ಲಿ ಕೂತು ನಾಯಿಯನ್ನು ಕಾಲಸಂದಿಯಲ್ಲಿ ಇಟ್ಟುಕೊಂಡಾಗಿತ್ತು. "ಯಾಕಪ್ಪಾ? ಹೆಂಗಸ್ರಿಗೆ ಬಸ್ಸು ಫ್ರೀ ತಾನೆ? ಇದೂ ಹೆಣ್ಣೇ."

"ಫ್ರೀ ಬೇಕಂದ್ರೆ ಆಧಾರ್ ತೋರಿಸ್ಬೇಕು ಪೆದ್ದಮ್ಮಾ. ಇದಕ್ಕೆ ಐತಾ ಆಧಾರ್?"

ಅಮ್ಮ ತನ್ನ ಕಾರ್ಡು ಅವನ ಕೈಗಿಟ್ಟು, ಬಗ್ಗಿ ನಾಯಿಯ ಮುಂಗಾಲನ್ನು ಎತ್ತಿ ಹಿಡಿದಳು. "ಕಾರ್ಡ್ ಇಲ್ಲ. ಬೆರಳಚ್ಚು ತಗಂತೀಯೇನಪ್ಪಾ?"

ಇಡೀ ಬಸ್ಸು ನಕ್ಕಿತು. ಕಂಡಕ್ಟರಿಗೂ ನಗು ತಡೆಯಲಾಗಲಿಲ್ಲ. ತಲೆ ಕೆರೆದುಕೊಂಡು ಒಂದು ಲಗೇಜು ಟಿಕೆಟ್ಟು ಹರಿದು ಕೊಟ್ಟ. ಅಮ್ಮ ಧರ್ಮಾವರದವರೆಗೂ ಆ ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡುತ್ತ, "ಲಗೇಜಂತೆ! ಉಸಿರಾಡೋ ಜೀವಾನ ಲಗೇಜು ಅಂತಾನಲ್ಲ" ಎಂದು ಕಿಟಕಿಗೆ ಹೇಳುತ್ತಿದ್ದಳು.

ಎರಡು ದಿನಕ್ಕೆಂದು ಬಂದವಳು ಏಳು ವಾರ ಇದ್ದಳು. ಬೆಳಿಗ್ಗೆ ನಾಯಿಯನ್ನು ಮುಂದೆ ಬಿಟ್ಟುಕೊಂಡು ಮಾರುಕಟ್ಟೆಯವರೆಗೆ ಹೋಗಿ ಬರುವಳು. ಮಂಡಿನೋವಿನ ಮಾತೇ ಎತ್ತಲಿಲ್ಲ. ಮಧ್ಯಾಹ್ನ ನಾನು ಬರೆಯಲು ಕೂತರೆ, "ಮೆತ್ತಗೆ ಬರಿಯಮ್ಮ, ಅದು ಮಲಗೈತೆ" ಅನ್ನುವಳು. ಯಜಮಾನರು ಅತ್ತೆಯ ಎದುರು ಶನಿವಾರ ಮೊಟ್ಟೆ ತಿನ್ನಲಾಗದೆ ಅಂಗಡಿಯಲ್ಲೇ ಮುಗಿಸಿಕೊಂಡು ಬರತೊಡಗಿದರು. ಅತ್ತಿಗೆ ದಿನಾ ವಿಡಿಯೋ ಕಾಲ್ ಮಾಡಿ "ಅತ್ತೆ ಹೆಂಗವ್ರೆ?" ಎಂದು ಕೇಳುವ ಮೊದಲೇ ಕ್ಯಾಮೆರಾ ನಾಯಿಯ ಕಡೆ ತಿರುಗಿಸು ಅನ್ನುತ್ತಿದ್ದಳು.

ಕೊನೆಗೆ ಅಣ್ಣ ಬಂದು ಕರೆದುಕೊಂಡು ಹೋದ. ನಾಯಿ ನಿದ್ದೆಯಲ್ಲಿದ್ದಾಗ ಹೊರಟರೆ ವಾಸಿ ಎಂದು ಅಮ್ಮ ಸದ್ದಿಲ್ಲದೆ ಚಪ್ಪಲಿ ಕೈಯಲ್ಲಿ ಹಿಡಿದು ಹೊಸ್ತಿಲು ದಾಟಿದಳು. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕೈ ಹೊರಗೆ ಚಾಚಿ ನನ್ನ ಕೈ ಹಿಡಿದುಕೊಂಡಳು. "ಮುದ್ದೆ ಆರಿಸಿ ಹಾಕು. ಮೆಣಸಿನಕಾಯಿ ತೆಗೆದು ಹಾಕು. ತುಪ್ಪ ಸ್ವಲ್ಪವೇ." ಬಸ್ಸು ಹೊರಟಿತು. ಎರಡು ಹೆಜ್ಜೆ ನಾನೂ ಜೊತೆಗೆ ನಡೆದೆ. "ನೀನೂ ಹೊತ್ತೊತ್ತಿಗೆ ಉಣ್ಣಮ್ಮ" ಎಂದು ಕೂಗಿದಳು.

ಮನೆಗೆ ಬಂದಾಗ ನಾಯಿ ಎದ್ದು ಕೋಣೆ ಕೋಣೆ ಹುಡುಕಿ ಮುಗಿಸಿ ಅಮ್ಮ ಮಲಗುತ್ತಿದ್ದ ಚಾಪೆಯ ಮೇಲೆ ಕೂತಿತ್ತು. ಚಾಪೆ ಸುತ್ತಿಡಲು ಹೋದೆ, ಗುರ್ ಅಂದಿತು. ನಾನೂ ಬಿಟ್ಟುಬಿಟ್ಟೆ. ಅದು ಇನ್ನೂ ಅಲ್ಲೇ ಇದೆ. ಕಸ ಗುಡಿಸುವಾಗ ಸುತ್ತು ಬಳಸಿ ಗುಡಿಸುತ್ತೇನೆ.