ತಣ್ಣನೆ ಎಂಜಿನ್ನಿನ ಮೊದಲ ನಿಮಿಷ

ನನ್ನ ಚಿಕ್ಕಮ್ಮ ಜಂಗಮಕೋಟೆಯಲ್ಲಿ ರೇಷ್ಮೆಹುಳು ಸಾಕುತ್ತಾಳೆ. ತೋಟದ ಹಿಪ್ಪುನೇರಳೆ ಸೊಪ್ಪನ್ನು ಹಳೆಯದೊಂದು ವಿದೇಶಿ ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಅವಳೇ ಓಡಿಸಿಕೊಂಡು ಬರುತ್ತಾಳೆ. ಊರಿನವರ ದನಿಗಳನ್ನೆಲ್ಲ ಅಣಕಿಸುವ ನಾನು ನನ್ನ ಗೊರಕೆಯನ್ನೂ ಬಿಟ್ಟವನಲ್ಲ, ಇನ್ನು ಆ ಕಾರನ್ನು ಬಿಡುತ್ತೇನೆಯೇ? ಎಂಜಿನ್ ತಣ್ಣಗಿದ್ದಾಗ ಚಾಲೂ ಮಾಡಿದರೆ ಅದರೊಳಗಿನ ಪುಟ್ಟ ಪಂಪೊಂದು ಸುಮಾರು ಒಂದು ನಿಮಿಷ ‘ಹ್ಞೂಂ’ ಎನ್ನುತ್ತದೆ. ಹೊಗೆಕೊಳವೆಗೆ ಹೊರಗಿನ ಗಾಳಿ ನುಗ್ಗಿಸಿ, ಉರಿಯದೆ ಉಳಿದ ಪೆಟ್ರೋಲನ್ನು ಅಲ್ಲೇ ಸುಡಿಸುವುದು ಅದರ ಕೆಲಸ.

ಹುಳುಗಳು ಕೊನೆಯ ಪೊರೆ ಕಳಚಿ, ಸೊಪ್ಪನ್ನು ಮುಕ್ಕತೊಡಗುವ ವಾರವೇ ಆ ದನಿ ಕೆಟ್ಟಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ, ಅಂಗಳದ ತುಂಬ ಹಸಿ ಪೆಟ್ರೋಲಿನ ಘಾಟು. ಚಿಕ್ಕಮ್ಮ ತಕ್ಷಣ ಎಂಜಿನ್ ಆರಿಸಿದಳು. ಸೆಂಟು ಹಾಕಿಕೊಂಡ ತಪ್ಪಿಗೆ ನನ್ನನ್ನೇ ಹುಳುಮನೆಯಿಂದ ಆಚೆ ಅಟ್ಟಿದವಳು ಅವಳು.

“ಈ ಗಬ್ಬು ಒಳಗೋದ್ರೆ ಹುಳ ಸೊಪ್ಪು ಮುಟ್ಟಲ್ಲ ಕಣೋ, ಬೆಳೆ ಪೂರ್ತಿ ಹೋಗತ್ತೆ. ಕಾರು ಅಂಗಳಕ್ಕೆ ಬರಂಗಿಲ್ಲ.”

“ಮತ್ತೆ ಸೊಪ್ಪು?”

“ನಿನ್ ತಲೆ ಮೇಲೆ.”

ನನ್ನ ತಲೆ ಅಷ್ಟು ಗಟ್ಟಿಯಲ್ಲ. ಕಾರನ್ನು ರಸ್ತೆಗೆ ತಳ್ಳಿ, ಅದರಲ್ಲೇ ಇಬ್ಬರೂ ಚಿಂತಾಮಣಿಗೆ ಹೊರಟೆವು.

ಅಲ್ಲಿನ ಮೆಕ್ಯಾನಿಕ್ ಬಾನೆಟ್ ಮುಟ್ಟಿ ನೋಡಿ, “ಅದು ತಣ್ಣಗಿದ್ರೆ ತಾನೆ ಕೂಗೋದು? ಬಿಸಿ ಮಾಡ್ಕೊಂಡ್ ಬಂದಿದೀರ. ನಾನೇನ್ ಕೇಳ್ಲಿ?” ಎಂದ.

ನಾನೇ ಕೂಗಿದೆ. ಮೊದಲು ಚೆನ್ನಾಗಿದ್ದಾಗಿನ ದನಿ, ಆಮೇಲೆ ಕೆಟ್ಟ ದನಿ. ಆತ ಕಣ್ಣು ಮುಚ್ಚಿ ಕೇಳಿದ. ನನ್ನ ಕಲೆಗೆ ಅಂಥ ಶ್ರೋತೃ ಅದುವರೆಗೆ ಸಿಕ್ಕಿರಲಿಲ್ಲ.

“ರೆಂಡೋದು ಇನ್ನೊಂದ್ಸಲ ಮಾಡಪ್ಪ.”

ಎರಡನೆಯದನ್ನು ಮತ್ತೆ ಮಾಡಿದೆ.

“ಉಸಿರು ಎಳ್ಕೊಳೋ ಕಡೆ ಕಟ್ಕೊಂಡಿದೆ,” ಎಂದು ಪಂಪಿನ ಗಾಳಿಕೊಳವೆಯನ್ನು ಹೊರಗೆಳೆದ. ಅದರ ಬಾಯಿಗೆ ನುಣ್ಣನೆಯ ನೈಲಾನ್ ಪರದೆಯನ್ನು ನಾಲ್ಕು ಮಡಿಕೆ ಮಾಡಿ ಬಿಗಿದಿದ್ದರು. ಮೇಲೆ ಧೂಳು ರೊಟ್ಟಿಯಂತೆ ಗಟ್ಟಿಯಾಗಿತ್ತು.

“ಇದ್ಯಾರಮ್ಮ ಕಟ್ಟಿದ್ದು?”

ನಾನಾಗಿದ್ದರೆ ಕಾರು ಮಾರಿದವನ ತಲೆಗೆ ಕಟ್ಟುತ್ತಿದ್ದೆ. ಚಿಕ್ಕಮ್ಮ ಮುಖ ಕೂಡ ತಗ್ಗಿಸಲಿಲ್ಲ.

“ನಾನೇ. ತೂತು ಬಾಯಿ ಬಿಟ್ಕೊಂಡಿತ್ತು. ನಮ್ಮನೇಲಿ ತೂತು ಕಂಡ್ರೆ ಪರದೆ ಕಟ್ಬಿಡ್ತೀವಿ. ಊಜಿ ನೊಣ ನುಗ್ಗಿ ಹುಳದ ಮೇಲೆ ಮೊಟ್ಟೆ ಇಟ್ರೆ ಮುಗೀತು.”

ಮೆಕ್ಯಾನಿಕ್ ನಗಲಿಲ್ಲ. ಗಂಟಿನ ಮೇಲೆ ಹೆಬ್ಬೆರಳು ಆಡಿಸಿ, “ಬಿಚ್ಚಕ್ಕೇ ಆಗ್ತಿಲ್ಲಮ್ಮ. ಕತ್ತರಿ ಹಾಕ್ಲಾ?” ಎಂದು ಮರ್ಯಾದೆಯಿಂದ ಅಪ್ಪಣೆ ಕೇಳಿದ. ಪಂಪಿಗೆ ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟು ಓಡಿಸಿ ನೋಡಿದ. ಗಾಳಿಯನ್ನು ಒಂದೇ ಕಡೆಗೆ ಬಿಡುವ ವಾಲ್ವಿನ ಮಸಿ ತೊಳೆದು, ಎರಡೂ ಕಡೆಯಿಂದ ಊದಿ ಪರೀಕ್ಷಿಸಿದ. ಪರದೆ ಇದ್ದಲ್ಲಿ ಸರಿಯಾದ ಫಿಲ್ಟರ್ ಕೂರಿಸಿದ.

“ಗೆದ್ವೋ ಸೋತ್ವೋ, ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಾದ್ಮೇಲೇ ಗೊತ್ತಾಗೋದು,” ಎಂದ.

ಆ ಸಂಜೆ ಕಾರು ಗೇಟಿನಾಚೆ ರಸ್ತೆಯಲ್ಲೇ ನಿಂತಿತು, ಸೊಪ್ಪು ನನ್ನ ತಲೆಯೇರಿತು. ಬೆಳಿಗ್ಗೆ ಚಿಕ್ಕಮ್ಮ ಕೀಲಿ ತಿರುಗಿಸಿದಳು. ಪಂಪು ನನಗಿಂತ ಚೆನ್ನಾಗಿ ಕೂಗಿತು. ನಾನು ಹಿಂದೆ ಬಗ್ಗಿ ಮೂಸಿದೆ.

“ಮಲ್ಲಿಗೆ ಘಮ ಚಿಕ್ಕಮ್ಮ.”

“ನಿನ್ ಮಾತು ನಂಬಿ ಹುಳ ಬಲಿ ಕೊಡ್ಲಾ? ಸರಿ ಆಕಡೆ.”

ಸೆರಗು ಸಿಕ್ಕಿಸಿ, ಮಣ್ಣಲ್ಲಿ ಮಂಡಿಯೂರಿ, ಹೊಗೆಕೊಳವೆಯ ಹತ್ತಿರಕ್ಕೆ ಮುಖ ಒಯ್ದಳು. ಪಂಪು ತಾನಾಗಿ ನಿಲ್ಲುವ ತನಕ ಅಲ್ಲಾಡಲಿಲ್ಲ. ಆಮೇಲೆ ಎದ್ದು, ಸೀರೆ ಕೊಡವಿಕೊಂಡು, ಸೀಟಿನಲ್ಲಿ ಕುಳಿತಳು.

“ಗೇಟ್ ತೆಗಿ,” ಎಂದಳು.

ತಮಾಷೆ ಮಾಡುವುದನ್ನೂ ಮರೆತು ಓಡಿದೆ.