ಪುಂಗಳಿ ಕಾಯಿಸುವ ಕತ್ತಲೆ

ನಮ್ಮ ಮನೆಯವರಿಗೆ ಕಿವಿ ಕೇಳಿಸುವುದಿಲ್ಲ ಎಂದು ಓಣಿಗೆಲ್ಲ ಗೊತ್ತು, ಒಪ್ಪದವರು ಅವರೊಬ್ಬರೇ. ಬಾಗಲಕೋಟೆ ಬಿಟ್ಟು ನಾಸಿಕಕ್ಕೆ ಬಂದು ಹಿತ್ತಾಳೆ ಹಂಡೆ ಬಡಿದೂ ಬಡಿದೂ ಕಿವಿ ಹೋಯಿತು. ಸಂಭಾಜಿನಗರದಲ್ಲಿರುವ ನನ್ನ ತಂಗಿ, "ಮಾಮಾರನ್ನ ಕರಕೊಂಡು ಬಾ ಅಕ್ಕಾ, ಇಲ್ಲಿ ಚಲೋ ಡಾಕ್ಟರ್ ಅದಾರ" ಎಂದು ಫೋನಿನಲ್ಲಿ ಗೋಗರೆಯುತ್ತಿದ್ದಳು. ಇವರದು ಒಂದೇ ಮಾತು: "ನನ್ನ ಕಿವಿಗೆ ಏನ್ ಧಾಡಿ ಆಗೇತಿ?"

ಈಗ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಮ್ಮದೇ ಕೆಲಸ. ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಕೊಳವೆಗಳು ಗುಜರಿಯಿಂದ ಬರುತ್ತವೆ. ಇಲ್ಲಿಯವರು ಪುಂಗಳಿ ಅನ್ನುತ್ತಾರೆ. ಅವುಗಳ ಬಾಯಿಯನ್ನು ಹೂವಿನ ಹಾಗೆ ಅರಳಿಸಿ ಊದಿನಕಡ್ಡಿ ಸ್ಟ್ಯಾಂಡ್ ಮಾಡುತ್ತೇವೆ. ಹಾಗೆಯೇ ಅರಳಿಸಲು ಹೋದರೆ ಹಿತ್ತಾಳೆ ಸೀಳುತ್ತದೆ, ಕಾಯಿಸಿ ಮೆತ್ತಗೆ ಮಾಡಬೇಕು. ತಾಟಿನಲ್ಲಿ ನೀರು ಹಾಕಿ ಪುಂಗಳಿಗಳನ್ನು ನಿಲ್ಲಿಸಿ, ನೀರಿನ ಮೇಲಿರುವ ಬಾಯಿಗೆ ಮಾತ್ರ ಗ್ಯಾಸಿನ ಉರಿ ಹಿಡಿಯುವುದು. ನಸುಗೆಂಪಾದ ಕೂಡಲೇ ನೀರಿಗೆ ಕೆಡವಬೇಕು. ಬೆಳಕಿದ್ದರೆ ಆ ಕೆಂಪು ಕಾಣುವುದಿಲ್ಲ, ಹಾಗಾಗಿ ಮಟಮಟ ಮಧ್ಯಾಹ್ನವೂ ಬಾಗಿಲು ಮುಚ್ಚಿ ಕತ್ತಲೆ ಮಾಡಿಕೊಳ್ಳುತ್ತಾರೆ. ನಡುವೆ ಯಾರಾದರೂ ಬಾಗಿಲು ತೆಗೆದರೋ, ನನ್ನ ತವರಿನವರನ್ನೆಲ್ಲ ಸೇರಿಸಿ ಬೈಗುಳ.

ಮೊನ್ನೆ ಬಂದ ಚೀಲದ ಪುಂಗಳಿಗಳ ಬಾಯಿಗೆಲ್ಲ ಒಣಮಣ್ಣು ಮೆತ್ತಿತ್ತು. ಒಳಗೆ ಮದ್ದು ಉಳಿದಿದೆಯೇ ಎಂದು ಪರೀಕ್ಷಿಸುವುದು ಇವರ ಕೆಲಸ. ಹೇಗೆ ಪರೀಕ್ಷಿಸಿದರು ಗೊತ್ತೇ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ!

"ಸಪ್ಪಳಿಲ್ಲ, ಖಾಲಿ ಐತಿ."

"ರೀ, ಕಡ್ಡಿ ಹಾಕಿ ಮಣ್ಣ ತಗೀರಿ" ಎಂದೆ.

"ಕಾಯಿಸಿದ ಮ್ಯಾಲೆ ತಾನಾ ಉದರತೈತಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಅಂಗಳದಲ್ಲಿ ಉಳಿದವನ್ನು ತೊಳೆಯುತ್ತ ಕೂತೆ. ಹಾರಿಸಿದ ಪುಂಗಳಿಯ ತಳದ ನಡುವೆ ಬಂದೂಕಿನ ಸೂಜಿ ಹೊಡೆದ ಗುಳಿ ಇರುತ್ತದೆ. ಕೈಗೆ ಬಂದ ಒಂದರ ತಳ ನುಣ್ಣಗಿತ್ತು. ಇನ್ನೊಂದನ್ನು ತಿರುಗಿಸಿದೆ, ಅದೂ ನುಣ್ಣಗೆ. ಅಯ್ಯೋ ದೇವರೇ, ಇವು ಗುಂಡಿಲ್ಲದೆ ಬರೀ ಮದ್ದು ತುಂಬಿ ಸದ್ದಿಗೆಂದು ಹಾರಿಸುವಂಥವು, ಇನ್ನೂ ಹಾರಿಯೇ ಇಲ್ಲ! ಒಳಗಿನ ತಾಟಿನಲ್ಲಿ ಇಂಥವು ಎಷ್ಟಿವೆಯೋ. ತಳವೆಲ್ಲ ನೀರಿನಲ್ಲಿ, ಬಾಯೆಲ್ಲ ಮಣ್ಣು, ಅದರ ಮೇಲೆ ಬಗ್ಗಿದ ಇವರ ಮುಖ.

"ರೀ! ಉರಿ ಆರಸ್ರೀ!" ಎಂದು ಅರಚಿದೆ. ಯಾರಿಗೆ ಕೇಳಬೇಕು? ಒಳಗೆ ಹೋದರೆ ನಾನೂ ಸತ್ತೆ ಎಂಬ ಹೆದರಿಕೆ ಬೇರೆ. ಸುಳ್ಳು ಯಾಕೆ ಹೇಳಲಿ. ಆದರೂ ಕೂಗು ಮುಟ್ಟದಿದ್ದರೆ ಬೆಳಕಾದರೂ ಮುಟ್ಟೀತು ಎಂದು ಎರಡೂ ಕೈಯಿಂದ ಬಾಗಿಲು ದೂಡಿದೆ.

ಬಿಸಿಲು ಒಳಗೆ ಬಿದ್ದದ್ದೇ ತಡ, ಗ್ಯಾಸಿನ ಉರಿಯನ್ನು ಪಕ್ಕಕ್ಕಿಟ್ಟು, ಕಾದ ಪುಂಗಳಿಗಳನ್ನು ನೀರಿಗೆ ಕೆಡವದೆ, ತಾಟಿಗೆ ಬೆನ್ನು ಮಾಡಿ ನನ್ನ ಮೇಲೆ ಬಂದರು. "ಬಾಗಲಾ ತಗೀಬ್ಯಾಡಂತ ಎಷ್ಟ ಸಲ ಹೇಳಬೇಕ ನಿನಗ? ಬಣ್ಣ ಹ್ಯಾಂಗ ಕಾಣಬೇಕು?"

ತೋಳು ಹಿಡಿದು ಹೊರಗೆಳೆದೆ. ಅವರ ಬೆನ್ನ ಹಿಂದೆ ಢಬ್ ಎಂದಿತು. ಮಣ್ಣಿನ ಹೆಂಟೆ ಹಾರಿ ಮೇಲಿನ ತಗಡಿಗೆ ಬಡಿಯಿತು. ನಾನು ಕಿರುಚಿ ಅಲ್ಲೇ ಕುಸಿದೆ. ಓಣಿಯ ನಾಯಿಗಳು ಬೊಗಳಿದವು. ಪಕ್ಕದ ಮನೆಯ ಮರಾಠಿ ವಹಿನಿ, "ಕಾಯ್ ಝಾಲಂ? ಸಿಲಿಂಡರ್ ಫುಟಲಾ ಕಾ?" ಎನ್ನುತ್ತ, ಸಿಲಿಂಡರ್ ಸಿಡಿಯಿತೆಂದೇ ತಿಳಿದು ಓಡಿ ಬಂದರು.

ಇವರು ಇನ್ನೂ ಬೈಯುತ್ತಲೇ ಇದ್ದರು, ಬಾಗಿಲಿನ ಬಗ್ಗೆ, ಬಣ್ಣದ ಬಗ್ಗೆ.

ನಾನು ಬೆರಳು ತೋರಿಸಿದೆ. ತಿರುಗಿ ನೋಡಿದರು. ತಾಟು ಮಗುಚಿತ್ತು, ಒಂದು ಪುಂಗಳಿ ಸೀಳಿ ಬಿದ್ದಿತ್ತು, ಹೊಗೆ ಏಳುತ್ತಿತ್ತು. ವಹಿನಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಇವರು ಹೆದರಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಸಪ್ಪಳ ಆತೇನು?" ಎಂದರು.

ಹೌದೆಂದು ತಲೆ ಆಡಿಸಿದೆ.

"ಭಾಳ ಆತೇನು?" ಎಂದು ನನ್ನ ಬಾಯಿಯನ್ನೇ ನೋಡುತ್ತ ಕೇಳಿದರು.