ಕಾರಣ ಹೇಳದೆ ಬಿಂಡಿಗನವಿಲೆಗೆ

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಶ್ರೀರಂಗಪಟ್ಟಣ ಬಿಟ್ಟಾಗ ಕಾವೇರಿಯ ಸದ್ದು ಮಾತ್ರ ಇತ್ತು, ಕಾವೇರಿ ಇರಲಿಲ್ಲ. ಪುಷ್ಯದ ಮಂಜು ಹೊಳೆಯನ್ನೂ ಸೇತುವೆಯನ್ನೂ ನುಂಗಿ ಕೂತಿತ್ತು. ನಾನು ಹೋಗಬೇಕಿದ್ದದ್ದು ನಾಗಮಂಗಲ ತಾಲೂಕಿನ ಬಿಂಡಿಗನವಿಲೆಗೆ. ಪಾಂಡವಪುರದಿಂದ ನಾಗಮಂಗಲಕ್ಕೆ ನೇರ ಬಸ್ಸಿದೆ. ಆದರೂ ಕೆ.ಆರ್. ಪೇಟೆ ಸುತ್ತಿಕೊಂಡು ಹೋಗುವುದೆಂದು ತೀರ್ಮಾನಿಸಿದೆ. ಕೇಳಿದವರಿಗೆ ಹೊಸಹೊಳಲಿನ ದೇವಸ್ಥಾನ ನೋಡಬೇಕು ಎಂದೆ. ನಿಜ ಹೇಳಬೇಕೆಂದರೆ ಹೆದರಿಕೆ. ಸರ್ಕಾರಿ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೆಟ್ಟು ಸೊನ್ನೆ ರೂಪಾಯಿ, ಹಾಗಾಗಿ ಹೇಡಿತನಕ್ಕೆ ಖರ್ಚೂ ಇರಲಿಲ್ಲ.

ನಾನು ಹೆದರಿದ್ದು ಹದಿನಾರು ವರ್ಷದ ಒಬ್ಬ ಹುಡುಗಿಗೆ.

ನಾನು ಪಾಠ ಮಾಡುವುದು ಪಟ್ಟಣದ ಹೊರಗೆ ಗದ್ದೆಗಳ ನಡುವಿನ ಒಂದು ಸಣ್ಣ ಪ್ರೌಢಶಾಲೆಯಲ್ಲಿ. ಬೇರೆ ಶಾಲೆಗಳಲ್ಲಿ ನಿಲ್ಲಲಾಗದೆ ಓದು ಬಿಟ್ಟ ಮಕ್ಕಳು ಅಲ್ಲೇ ಉಳಿದು ಓದುತ್ತಾರೆ. ದಿನಾ ಬೆಳಿಗ್ಗೆ ಪಾಠಕ್ಕೆ ಮೊದಲು ಜಮಖಾನ ಹಾಸಿ ದುಂಡಗೆ ಕೂರುತ್ತೇವೆ. ಒಬ್ಬೊಬ್ಬರೂ ತಮ್ಮ ಮನಸ್ಸಿನ ಹವೆ ಹೇಳಬೇಕು. ಬಿಸಿಲು, ಮೋಡ, ಗಾಳಿ, ಏನಿದ್ದರೂ ಸರಿ. ಅಲ್ಲಿ ಎರಡೇ ಕಟ್ಟಳೆ. ಜಮಖಾನದ ಮೇಲೆ ಆಡಿದ ಮಾತನ್ನು ಜಮಖಾನದ ಜೊತೆಗೇ ಮಡಿಸಿಡಬೇಕು. ಇನ್ನೊಬ್ಬರನ್ನು ನೋಯಿಸಿದವರು ಅವರೆದುರು ನೆಲಕ್ಕೆ ಕೂತು, ಮಾಡಿದ್ದನ್ನು ಹೇಳಿ, ತಪ್ಪಾಯಿತು ಎನ್ನಬೇಕು. ಕಾರಣ ಹೇಳಬಾರದು, ಪ್ರತಿಯಾಗಿ ಏನನ್ನೂ ಕೇಳಬಾರದು. ಇವನ್ನು ಮಾಡಿದವಳು ನಾನೇ, ಮುರಿದವಳೂ ನಾನೇ.

ಒಂದು ಬೆಳಿಗ್ಗೆ ಭೂಮಿಕಾ ಮೋಡ ಎಂದಳು. ಅವಳ ತಂದೆ ತೀರಿಕೊಂಡು ಎರಡು ವರ್ಷ. ತಾಯಿ ಜಯಮ್ಮ ಕುರಿ ಮೇಯಿಸುವಾಗ ಸೀರೆಯ ಮೇಲೆ ಗಂಡನ ಅಂಗಿ ಹಾಕಿಕೊಳ್ಳುತ್ತಾರೆ, ಶಾಲೆಗೂ ಹಾಗೆಯೇ ಬರುತ್ತಾರೆ. ನೋಡಿದರೆ ನಾಚಿಕೆಯಾಗುತ್ತದೆ, ನಾಚಿಕೆಯಾಯಿತಲ್ಲ ಎಂದು ಆಮೇಲೆ ಅಳು ಬರುತ್ತದೆ ಎಂದಳು. ಮಹಾ ಬುದ್ಧಿವಂತೆಯಾದ ನಾನು ಜಯಮ್ಮನಿಗೆ ಫೋನು ಮಾಡಿ, ಮುಂದಿನ ಸಲ ಬರುವಾಗ ಅಂಗಿ ಬೇಡ, ಮಗಳಿಗೆ ಸಂಕೋಚವಂತೆ ಎಂದುಬಿಟ್ಟೆ. ಮುಂದಿನ ಭೇಟಿಗೆ ಅವರು ಬರೀ ಸೀರೆಯಲ್ಲಿ ಬಂದು ಚಳಿಗೆ ಕೈಕಟ್ಟಿ ನಿಂತರು. ಮಗಳು ಅಂಗಿ ಎಲ್ಲಿ ಎಂದು ಕೇಳಿದಳು, ಅವರು ಇದ್ದದ್ದು ಇದ್ದ ಹಾಗೆ ಹೇಳಿದರು. ಭೂಮಿಕಾ ಅಂದೇ ಬ್ಯಾಗು ತುಂಬಿಕೊಂಡು ತಾಯಿಯ ಜೊತೆ ಬಿಂಡಿಗನವಿಲೆಗೆ ಹೊರಟುಹೋದಳು. ಹನ್ನೊಂದು ದಿನವಾಗಿತ್ತು. ಒಮ್ಮೆ ಶಾಲೆ ಬಿಟ್ಟವಳು ಎರಡನೇ ಸಲವೂ ಬಿಟ್ಟರೆ ಮತ್ತೆ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತುವುದಿಲ್ಲವೆಂದು ನನಗೆ ಗೊತ್ತಿತ್ತು.

ಪಾಂಡವಪುರದಲ್ಲಿ ಇಳಿದು ಬಸ್ ಸ್ಟ್ಯಾಂಡಿನ ಹತ್ತಿರ ಅವರೆಕಾಳಿನ ಉಪ್ಪಿಟ್ಟು ತಿಂದೆ. ಎದುರಿಗೆ ಕುಂತಿ ಬೆಟ್ಟ ಅರ್ಧ ಮಾತ್ರ ಇತ್ತು, ಬುಡವಿಲ್ಲದೆ ಗಾಳಿಯಲ್ಲಿ ತೇಲುತ್ತಿತ್ತು. ಕೆ.ಆರ್. ಪೇಟೆಯ ಬಸ್ಸು ನಾಲೆಯ ಬದಿಗೆ ಬಂದಾಗ ಆಲೆಮನೆಯ ಹೊಗೆ ಮಂಜಿನೊಳಗೆ ಬೆರೆತು, ಕಿಟಕಿಯಿಂದ ಬಿಸಿ ಬೆಲ್ಲದ ವಾಸನೆ ಬಂತು. ನಾನು ಕಣ್ಣು ಮುಚ್ಚಿ, ಭೂಮಿಕಾಳಿಗೆ ಹೇಳಬೇಕಾದ ಮಾತು ಒಪ್ಪಿಸಿಕೊಂಡೆ. ‘ತಪ್ಪಾಯ್ತು’ ಎನ್ನುವಷ್ಟರಲ್ಲಿ ‘ನಿನ್ನ ಒಳ್ಳೆಯದಕ್ಕೇ’ ಎಂಬುದು ಕರೆಯದೆ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಅದನ್ನು ಎಬ್ಬಿಸಿ ಕಳಿಸಿದರೆ ‘ನಿಮ್ಮಮ್ಮನಿಗೂ ಗೊತ್ತಾಗಲಿ ಅಂತ’ ಬರುತ್ತಿತ್ತು. ಹಾಗೇ ತೂಕಡಿಸಿದೆ. ಕನಸಿನಲ್ಲಿ ಭತ್ತ ಕುಯ್ದ ಗದ್ದೆಯ ತುಂಬ ಜಮಖಾನ ಹಾಸಿತ್ತು, ಸುತ್ತ ಯಾರೂ ಇರಲಿಲ್ಲ.

ಎಚ್ಚರವಾದಾಗ ಪಕ್ಕದಲ್ಲಿ ನೂರ್‌ಜಾನ್ ಎಂಬ ಹೆಂಗಸು ಕೂತಿದ್ದರು. ಪೇಟೆಯಲ್ಲಿ ಬಟ್ಟೆ ಹೊಲಿಯುವವರು. ನನ್ನ ಚೀಲದಿಂದ ಇಣುಕುತ್ತಿದ್ದ ಹೊಸ ಸ್ವೆಟರಿನ ಹೊಲಿಗೆ ಮುಟ್ಟಿ ನೋಡಿ, ಯಾರಿಗೆ ಎಂದು ಕೇಳಿದರು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳುವಷ್ಟು ಸತ್ಯವನ್ನು ಮನೆಯವರಿಗೂ ಹೇಳುವುದಿಲ್ಲ, ಎಲ್ಲವನ್ನೂ ಹೇಳಿದೆ. ಸ್ವೆಟರು ಜಯಮ್ಮನಿಗೆ, ಅಂಗಿಯ ಬದಲಿಗೆ ಎಂದೆ. ಅವರು ಹೊಲಿಗೆಯಿಂದ ಕೈ ತೆಗೆದರು.

“ಮಾಫಿ ಕೇಳಾಕೆ ಓಗೋರು ಬರಿಗೈಲಿ ಓಗ್ಬೇಕು ಕಣಮ್ಮ. ಕೈಲಿ ಸಾಮಾನಿದ್ರೆ ಅವ್ರು ಅದ್ನೇ ನೋಡ್ತಾರೆ, ನಿಮ್ ಮಕ ನೋಡಾಕಿಲ್ಲ.”

ಸ್ವೆಟರನ್ನು ಚೀಲದ ತಳಕ್ಕೆ ತುರುಕಿದೆ.

ಪೇಟೆಯಿಂದ ಹೊಸಹೊಳಲು ಹತ್ತಿರ, ಆಟೋದಲ್ಲಿ ಹೋದೆ. ಅಷ್ಟರಲ್ಲಿ ಬಿಸಿಲು ಬಂದು ಲಕ್ಷ್ಮೀನಾರಾಯಣನ ಗುಡಿಯ ಗೋಡೆ ಬೆಚ್ಚಗಾಗಿತ್ತು. ಕೆಳಗಿನ ಸಾಲಿನಲ್ಲಿ ಕಲ್ಲಿನ ಆನೆಗಳು ಒಂದರ ಹಿಂದೊಂದು ಗುಡಿಯನ್ನು ಸುತ್ತುತ್ತಿದ್ದವು. ನಾನೂ ಅವುಗಳ ಜೊತೆ ಸುತ್ತಿದೆ, ಆನೆಗೊಂದರಂತೆ ಕ್ಷಮೆ ಕೇಳುತ್ತ. ಕಾರಣ ಸೇರದೆ ಆ ಮಾತು ಒಂದು ಸಲವೂ ಬರಲಿಲ್ಲ. ಆನೆಗಳೇನೋ ಕ್ಷಮಿಸಿದಂತೆ ಕಂಡವು. ಅವುಗಳಿಂದ ಏನಾಗಬೇಕು?

ನಾಗಮಂಗಲದ ದಾರಿಯಲ್ಲಿ ಹಸಿರು ಕಡಿಮೆಯಾಗುತ್ತ, ಕೆಂಪು ಮಣ್ಣು, ಕುಯ್ದ ರಾಗಿ ಹೊಲ, ಒಂಟಿ ತೆಂಗು ಬಂದವು. ನಾಗಮಂಗಲದಲ್ಲಿ ಬಸ್ಸು ಬದಲಿಸಿ ಬಿಂಡಿಗನವಿಲೆಯಲ್ಲಿ ಇಳಿದಾಗ ಎರಡೂವರೆ. ಗಾಳಿ ಜೋರಾಗಿತ್ತು. ಜಯಮ್ಮನ ಮನೆ ಕೇಳಿದರೆ, ಯಾರೋ ರಸ್ತೆಯಿಂದಾಚೆಗಿನ ಬೀಳು ಹೊಲದ ಕಡೆ ಕೈ ತೋರಿಸಿದರು. ಕುರಿಗಳ ನಡುವೆ ತಾಯಿ ಮಗಳು ಇಬ್ಬರೂ ಇದ್ದರು. ಜಯಮ್ಮ ಸೆರಗನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡಿದ್ದರು, ಅಂಗಿ ಇರಲಿಲ್ಲ. ಭೂಮಿಕಾ ನನ್ನನ್ನು ಕಂಡು ಮುಖ ತಿರುಗಿಸಿದಳು.

ಅವಳೆದುರು ಹೋಗಿ ಮಣ್ಣಿನ ಮೇಲೆ ಕೂತೆ. ಅವಳಿಗೂ ಕಟ್ಟಳೆ ಗೊತ್ತಿತ್ತು, ಕೂತಳು.

“ನೀನು ಜಮಖಾನದ ಮೇಲೆ ಹೇಳಿದ್ದನ್ನ ನಾನು ನಿಮ್ಮಮ್ಮನಿಗೆ ಹೇಳಿದೆ, ಭೂಮಿಕಾ. ತಪ್ಪಾಯ್ತು.”

ಅಷ್ಟು ಹೇಳಿ ತುಟಿ ಕಚ್ಚಿಕೊಂಡೆ. ಬೆಳಗಿನಿಂದ ಜೊತೆಗೆ ಬಂದಿದ್ದ ಕಾರಣಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಕುರಿಯೊಂದು ಬಂದು ಸ್ವೆಟರಿದ್ದ ಚೀಲವನ್ನು ಮೂಸಿ ಹೋಯಿತು. ಎಷ್ಟು ಹೊತ್ತಾಯಿತೋ, ನೆರಳು ಸ್ವಲ್ಪ ಉದ್ದವಾದಂತೆ ಕಂಡಿತು.

“ಅವ್ವಂಗೂ ಏಳಿ ಮಿಸ್,” ಎಂದಳು.

ಜಯಮ್ಮನ ಕಡೆ ತಿರುಗಿ, ನೀವು ಏನು ತೊಡಬೇಕೆಂದು ನಾನು ನಿಮಗೆ ಹೇಳಿದೆ, ತಪ್ಪಾಯಿತು ಎಂದೆ. ಅವರು ಗಾಬರಿಯಾಗಿ, ಪಾಠ ಹೇಳೋರು ಹಾಗೆಲ್ಲ ಅನ್ನಬಾರದು, ಮೊದಲು ಮೇಲೇಳಿ ಎಂದರು. ನಾನು ಏಳುವ ಮೊದಲೇ ಭೂಮಿಕಾ ಸರಿದು ತಾಯಿಯ ಕಾಲ ಬಳಿ ಕೂತಳು.

“ನಿನ್ ನೋಡಿ ನಾಚ್ಕಂಡೆ ಕಣವ್ವ. ತಪ್ಪಾಯ್ತು.”

ಕಾರಣ ಹೇಳಲಿಲ್ಲ. ಶಾಲೆಯ ಆಚೆ ಆ ಕಟ್ಟಳೆ ನಡೆದದ್ದನ್ನು ನಾನು ನೋಡಿರಲಿಲ್ಲ. ಜಯಮ್ಮ ಕುರಿಗಳನ್ನೇ ನೋಡುತ್ತ ನಿಂತರು.

“ಗಾಳಿ ಜಾಸ್ತಿ ಆಯ್ತು. ಓಗಿ ನಿಮ್ಮಪ್ಪನ್ ಅಂಗಿ ತಗಂಡ್ ಬಾ.”

ಭೂಮಿಕಾ ಓಡಿದಳು. ನನಗೆ ಅಳು ತಡೆಯಲಾಗಲಿಲ್ಲ. ಜಯಮ್ಮ ಅದನ್ನು ಕಾಣದವರಂತೆ, ಕುರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದರು. ನೀಲಿ ಗೆರೆಯ ತುಂಬುತೋಳಿನ ಅಂಗಿ ಬಂತು, ಪೆಟ್ಟಿಗೆಯ ನುಸಿಗುಳಿಗೆಯ ವಾಸನೆಯ ಜೊತೆಗೆ. ಮಗಳೇ ಗುಂಡಿ ಹಾಕಿ ತೋಳು ಮಡಿಸಿದಳು.

ನಾಲ್ಕೂವರೆಯ ಬಸ್ಸಿಗೆ ಭೂಮಿಕಾ ರಸ್ತೆಯವರೆಗೆ ಬಂದಳು. ಕೈಯಲ್ಲಿ ಬ್ಯಾಗಿರಲಿಲ್ಲ. ಶಾಲೆಗೆ ಬರುತ್ತೀಯಾ ಎಂದು ಕೇಳುವಂತಿರಲಿಲ್ಲ, ಪ್ರತಿಯಾಗಿ ಏನನ್ನೂ ಕೇಳಬಾರದಲ್ಲ. ನನ್ನದೇ ಕಟ್ಟಳೆಯನ್ನು ಅಷ್ಟು ಶಪಿಸಿದ್ದು ಅದೇ ಮೊದಲು. ಬಸ್ಸಿನ ಧೂಳು ಕಂಡಿತು.

“ನನ್ ಜಾಗ್ದಲ್ಲಿ ಯಾರ್ ಕೂತವ್ರೆ ಮಿಸ್?”

ಯಾರೂ ಕೂತಿಲ್ಲ, ದಿನಾ ಅಷ್ಟು ಜಾಗ ಬಿಟ್ಟೇ ಎಲ್ಲರೂ ಕೂರುತ್ತಾರೆ ಎಂದೆ. ಅದು ನಿಜವಾಗಿತ್ತು.

“ಅಂಗೇ ಇರ್ಲಿ. ಸೋಮಾರ ಬತ್ತೀನಿ. ಅವ್ವ ಅಂಗೀಲೇ ಬತ್ತಳೆ.”

ಬಸ್ಸು ತಿರುವಿಗೆ ಬಂದಾಗ ಹಿಂದಿರುಗಿ ನೋಡಿದೆ. ಇಳಿಬಿಸಿಲಿನ ಧೂಳಿನಲ್ಲಿ, ಕುರಿಗಳ ನಡುವೆ, ಅಂಗಿ ತೊಟ್ಟ ಒಬ್ಬ ಗಂಡಸು ನಿಂತಂತೆ ಒಂದು ಕ್ಷಣ ಕಂಡಿತು. ಭೂಮಿಕಾ ಅತ್ತ ಓಡುತ್ತಿದ್ದಳು.

ನಾಗಮಂಗಲ ತಲುಪುವಷ್ಟರಲ್ಲಿ ಚಳಿ ಏರಿತ್ತು. ಸ್ವೆಟರನ್ನು ನಾನೇ ಹಾಕಿಕೊಂಡು, ಪಾಂಡವಪುರದ ನೇರ ಬಸ್ಸು ಹತ್ತಿದೆ.